ಊರಿನ ನೆರೆ, ಬರ, ಭೂಕಂಪಗಳ ಚರಿತ್ರೆಯನ್ನು ಬರೆದಿಡುವ ಬಗೆ

ಭೀಮಾ, ಕಾಗಿಣಾ ದಂಡೆಯ ಸಣ್ಣ ಪಟ್ಟಣಗಳಲ್ಲಿ ಹೊಳೆ ಊರೊಳಗೆ ಬಂದದ್ದನ್ನು ಕಂಡವರು ಇದ್ದಾರೆ. ಆದರೆ ನೀರು ಯಾವ ಓಣಿಯವರೆಗೆ, ಎಷ್ಟು ಎತ್ತರಕ್ಕೆ ಬಂದಿತ್ತು ಎಂಬ ಬರಹ ಸುಲಭವಾಗಿ ಕೈಗೆ ಸಿಗುವುದಿಲ್ಲ. ಹೊಸ ಬಡಾವಣೆಯಲ್ಲಿ ಮನೆ ಕಟ್ಟುವವರಿಗೆ ಬೇಕಾದದ್ದು ಆ ಬರಹವೇ.

ಮೊದಲ ಕೆಲಸ ಕಾಲನಿರ್ಣಯ. ಹಿರಿಯರು ಇಸವಿಗಿಂತ ಹೆಚ್ಚಾಗಿ ‘ಹಸ್ತಿ ಮಳಿ ಹಿಡಿದಾಗ’ ಎಂಬಂತೆ ಹೇಳುತ್ತಾರೆ. ಅದನ್ನು ತಳ್ಳಿಹಾಕಬಾರದು, ಏಕೆಂದರೆ ಮಳೆ ನಕ್ಷತ್ರಗಳು ಪ್ರತಿವರ್ಷ ಹೆಚ್ಚುಕಡಿಮೆ ಅವೇ ದಿನಾಂಕಗಳಿಗೆ ಬರುತ್ತವೆ: ಹಸ್ತ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ ಎರಡನೆಯ ವಾರದವರೆಗೆ, ಅದರ ಬೆನ್ನಿಗೆ ಚಿತ್ತಾ. 2009ರ ನೆರೆ ಹಸ್ತದಲ್ಲಿ, 2020ರ ಭೀಮಾ ಪ್ರವಾಹ ಚಿತ್ತಾದಲ್ಲಿ ಬಂದವು. ಒಬ್ಬರ ನೆನಪಿನಲ್ಲಿ ಎರಡೂ ಕಲೆತಿದ್ದರೆ ಯಾವ ಮಳೆ ಎಂದು ಕೇಳಿದರೆ ಬೇರ್ಪಡುತ್ತವೆ. 1948ಕ್ಕೆ ಹಿಂದಿನ ನಿಜಾಮ ಕಾಲದ ಕಂದಾಯ ಕಾಗದಗಳಲ್ಲಿ ಇಸವಿಯ ಬದಲು ಫಸಲಿ ವರ್ಷ, ಅಂದರೆ ಆ ಕಾಲದ ಕಂದಾಯ ಲೆಕ್ಕದ ವರ್ಷವಿರುತ್ತದೆ. ಅದಕ್ಕೆ 590 ಅಥವಾ 591 ಕೂಡಿಸಿದರೆ ಇಸವಿ ಸಿಗುತ್ತದೆ. ಫಸಲಿ 1357 ಎಂದರೆ 1947–48. ಉರ್ದು ಬಲ್ಲ ಹಿರಿಯರನ್ನು ಜೊತೆಗೆ ಕೂರಿಸಿಕೊಂಡೇ ಇವನ್ನು ಓದಬೇಕು.

ನೆರೆಯ ಎತ್ತರವನ್ನು ಅಳೆಯುವುದು ಇಡೀ ಕೆಲಸದ ಜೀವಾಳ. ‘ಎದೆಮಟ ನೀರು’ ಎಂದು ಬರೆದರೆ ಯಾರ ಎದೆ, ಎಲ್ಲಿ ನಿಂತಾಗ ಎಂಬುದು ಮುಂದಿನವರಿಗೆ ತಿಳಿಯದು. ನೀರು ನಿಂತ ಕಲೆ ಸುಣ್ಣ ಬಳಿಯದ ಹಿತ್ತಲ ಗೋಡೆಯಲ್ಲಿ, ಹಳೆಯ ಬಾಗಿಲ ಚೌಕಟ್ಟಿನಲ್ಲಿ, ಗುಡಿಯ ಕಂಬದಲ್ಲಿ ಬಹುಕಾಲ ಉಳಿದಿರುತ್ತದೆ. ಅಲ್ಲಿಂದ ಕೆಳಗೆ ರಸ್ತೆಯವರೆಗೆ ಅಳೆಯಬಾರದು. ಡಾಂಬರು ಹಾಕಿದಷ್ಟು ಸಲ ರಸ್ತೆ ಏರುತ್ತದೆ, ಅಳತೆ ಸುಳ್ಳಾಗುತ್ತದೆ. ಗುಡಿಯ ಹೊಸ್ತಿಲು, ಸೇತುವೆಯ ಕಲ್ಲು ಮುಂತಾದ ಕದಲದ ಒಂದು ಗುರುತನ್ನು ಆಯ್ದುಕೊಂಡು, ಗೌಂಡಿಗಳು ಮಟ್ಟ ಹಿಡಿಯಲು ಬಳಸುವ ನೀರು ತುಂಬಿದ ಪಾರದರ್ಶಕ ಪೈಪಿನಿಂದ ಎಲ್ಲ ಕಲೆಗಳನ್ನೂ ಆ ಗುರುತಿಗೆ ಹೋಲಿಸಿ ಸೆಂಟಿಮೀಟರಿನಲ್ಲಿ ಬರೆದುಕೊಳ್ಳಬೇಕು. ಪೈಪಿನೊಳಗೆ ಗಾಳಿಗುಳ್ಳೆ ಉಳಿದರೆ ಮಟ್ಟ ತಪ್ಪುತ್ತದೆ.

ಮುಂದಿನದು ಕಾರಣ. ಭೀಮಾ ದಂಡೆಯಲ್ಲಿ ಹನಿ ಮಳೆ ಇಲ್ಲದ ದಿನವೂ ನೆರೆ ಬರಬಹುದು. 2020ರ ಅಕ್ಟೋಬರ್ 13ರಂದು ಕಾಕಿನಾಡದ ಬಳಿ ದಂಡೆ ಮುಟ್ಟಿದ ವಾಯುಭಾರ ಕುಸಿತ ಪಶ್ಚಿಮಕ್ಕೆ ಸಾಗಿ ಸೊಲ್ಲಾಪುರದ ಕಡೆ ಸುರಿಸಿದ ಮಳೆ, ಮಹಾರಾಷ್ಟ್ರದ ಉಜನಿ ಮತ್ತು ವೀರ್ ಜಲಾಶಯಗಳಿಂದ ಬಿಟ್ಟ ನೀರು, ಇವೆಲ್ಲ ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜು ದಾಟಿ ಕೆಳಗಿನ ಊರುಗಳಿಗೆ ನುಗ್ಗಿದವು. ಆದ್ದರಿಂದ ಊರಿನ ಮಳೆ ಮಿಲಿಮೀಟರಿನಲ್ಲಿ, ಮೇಲಿನಿಂದ ಬಿಟ್ಟ ನೀರು ಕ್ಯುಸೆಕ್ಕಿನಲ್ಲಿ, ನೀರು ಊರು ಮುಟ್ಟಿದ ಗಂಟೆ ಮೂರನ್ನೂ ಒಂದೇ ಸಾಲಿನಲ್ಲಿ ದಾಖಲಿಸಬೇಕು. ನೀರು ಬಿಟ್ಟ ಸುದ್ದಿ ಬಂದಾಗ ಊರಿಗೆ ಎಷ್ಟು ಹೊತ್ತು ಸಿಗುತ್ತದೆಂಬುದು ಇದರಿಂದಲೇ ತಿಳಿಯುತ್ತದೆ. ಕೃಷ್ಣೆಯ ಕಡೆಯ ಸುರಪುರ, ಶಹಾಪುರದವರು ನಾರಾಯಣಪುರದ ಬಸವಸಾಗರ ಜಲಾಶಯದ ಹೊರಹರಿವನ್ನು ನೋಡಬೇಕು.

ಭೂಕಂಪಕ್ಕೆ ಆಳಂದ, ಚಿಂಚೋಳಿ ಕಡೆಯವರು ಪ್ರತ್ಯೇಕ ಪುಟ ಇಡುವುದು ಒಳ್ಳೆಯದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಲಾತೂರ್ ಜಿಲ್ಲೆಯ ಕಿಲ್ಲಾರಿಯಲ್ಲಿ ಆದ ಭೂಕಂಪ ಗಣಪತಿ ಕಳಿಸಿದ ರಾತ್ರಿಯ ಬೆಳಗಿಗೇ ಆದದ್ದರಿಂದ ದಿನದ ನೆನಪು ಗಟ್ಟಿಯಾಗಿದೆ. ಇಲ್ಲಿ ಕೇಳಬೇಕಾದದ್ದು ಮನೆಗಳ ಬಗ್ಗೆ: ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲಿನ ಗೋಡೆ, ಮೇಲೆ ಭಾರದ ಮಣ್ಣಿನ ಮಾಳಿಗೆ ಇದ್ದ ಮನೆಗಳೇ ಕಿಲ್ಲಾರಿಯಲ್ಲಿ ಹೆಚ್ಚು ಜೀವ ತೆಗೆದವು, ಅಂಥ ಮನೆಗಳು ನಮ್ಮ ಕಡೆಯೂ ಇವೆ. ಯಾವ ಗೋಡೆ ಬಿರಿಯಿತು, ಯಾವುದು ಉಳಿಯಿತು ಎಂದು ಬರೆದುಕೊಳ್ಳಿರಿ. 2021ರ ಅಕ್ಟೋಬರಿನಲ್ಲಿ ಚಿಂಚೋಳಿ ತಾಲ್ಲೂಕಿನ ಗಡಿಕೇಶ್ವರದ ಜನ ನಡುಕದೊಂದಿಗೆ ಭೂಮಿಯಿಂದ ಭಾರೀ ಸದ್ದನ್ನೂ ಕೇಳಿದರು. ಸದ್ದಿನ ವಿವರವನ್ನು ಬಿಡಬೇಡಿ.

1972ರಂಥ ಬರಕ್ಕೆ ಬತ್ತಿದ ಬಾವಿಗಳ ಹೆಸರು, ಗುಳೆ ಹೋದ ಓಣಿಗಳ ವಿವರ ಸಾಕಾಗುತ್ತದೆ. ಸಿಡಿಲು, ಆಲಿಕಲ್ಲಿನ ಹಾನಿಗೆ ತಹಶೀಲ್ದಾರ್ ಕಚೇರಿಯ ಪಂಚನಾಮೆಗಳನ್ನು ಮಾಹಿತಿ ಹಕ್ಕಿನ ಅರ್ಜಿ ಹಾಕಿ ಕೇಳಬಹುದು.

ಇಬ್ಬರ ಮಾತು ಹೊಂದದಿದ್ದರೆ ಎರಡನ್ನೂ ಹಾಗೆಯೇ ಬರೆದಿಡಬೇಕು. ಒಂದು ಪ್ರತಿಯನ್ನು ಸಾರ್ವಜನಿಕ ಗ್ರಂಥಾಲಯಕ್ಕೂ ಇನ್ನೊಂದನ್ನು ಪುರಸಭೆಗೂ ಕೊಟ್ಟು, ಪ್ರತಿ ಮಳೆಗಾಲ ಮುಗಿದ ಮೇಲೆ ಹೊಸ ಸಾಲುಗಳನ್ನು ಸೇರಿಸುತ್ತ ಹೋಗಬೇಕು.