ಹುಣ್ಣಿಮೆಗೆ ಮಾಕ್ ಟೆಸ್ಟ್, ಅಮಾವಾಸ್ಯೆಗೆ ದುರ್ಬೀನು: ನನ್ನ ಅನುಭವ

ಮೊದಲು ಫಲಿತಾಂಶ ಹೇಳಿಬಿಡುತ್ತೇನೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ವಿಜಯಪುರದ ಒಂದೇ ಖೋಲಿಯಲ್ಲಿ ನಾವು ಐವರು ಇದ್ದೆವು. ಮೂವರಿಗೆ ನೌಕರಿ ಆಯಿತು. ಸಿಂದಗಿಯವನು ಮುಖ್ಯ ಪರೀಕ್ಷೆ ಬರೆದು ಕಾಯುತ್ತಿದ್ದಾನೆ. ಇಂಡಿಯವನು ಇನ್ನೂ ಓದುತ್ತಿದ್ದಾನೆ, ಅವನದೂ ಆಗುತ್ತದೆ. ಇಷ್ಟು ದಿನದಲ್ಲಿ ನಾವು ನಕ್ಷತ್ರ ನೋಡುವುದನ್ನು ಒಂದು ತಿಂಗಳೂ ಬಿಡಲಿಲ್ಲ, ಮಳೆಗಾಲ ಒಂದು ಬಿಟ್ಟು. "ದುರ್ಬೀನು ಹಿಡಿದ ಕೈ ಪುಸ್ತಕ ಹಿಡಿಯೋದಿಲ್ಲ" ಎಂದು ಕ್ಲಾಸಿನ ಸರ್ ಹೇಳಿದ್ದರು. ಖೋಲಿ ಮಾಲೀಕರೂ ಹೇಳಿದ್ದರು. ನನ್ನ ಅಪ್ಪ ಅಂತೂ ಫೋನ್ ಮಾಡಿದಾಗಲೆಲ್ಲ ಅದನ್ನೇ ಹೇಳುತ್ತಿದ್ದರು. ಈಗ ಯಾರೂ ಹೇಳುವುದಿಲ್ಲ.

ಟೈಮ್‌ಟೇಬಲ್ ಹಾಕುವುದು, ಹಳೆ ಪ್ರಶ್ನೆಪತ್ರಿಕೆ ಬಿಡಿಸುವುದು ನಿಮಗೆ ಗೊತ್ತೇ ಇದೆ. ಅದನ್ನು ಬಿಟ್ಟು ನಮ್ಮದು ಎಲ್ಲಿ ಕೆಟ್ಟಿತು, ಎಲ್ಲಿ ಹಿಡಿಯಿತು ಎಂದಷ್ಟೇ ಬರೆಯುತ್ತೇನೆ.

ಮೊದಲನೆಯ ಪ್ಲಾನ್ 2023ರದು. ದಿನಕ್ಕೆ 14 ತಾಸು ಓದು. ಗೋಡೆ ತುಂಬ ಚಾರ್ಟ್, ಸ್ಕೆಚ್ ಪೆನ್, ನಾಲ್ಕು ಬಣ್ಣ. ಒಂಬತ್ತೋ ಹತ್ತೋ ದಿನ ನಡೆಯಿತು. ಎರಡನೆಯದು ಮೊಬೈಲ್‌ನಲ್ಲಿ. ಓದಿದ್ದನ್ನು ರಾತ್ರಿ ಹತ್ತಕ್ಕೆ ಗ್ರೂಪಿಗೆ ಹಾಕಬೇಕು ಎಂದು ಮಾಡಿದೆವು. ಮೂರು ವಾರದಲ್ಲಿ ಗ್ರೂಪ್ ತುಂಬ ಕ್ರಿಕೆಟ್ ಸ್ಕೋರ್. ಅದೇ ಹೊತ್ತಿಗೆ ದುರ್ಬೀನಿನ ಹುಚ್ಚು ಹತ್ತಿತ್ತು. ಓದಲು ಕೂತರೆ ಮನಸ್ಸು ಮಾಳಿಗೆ ಮೇಲೆ, ಮಾಳಿಗೆಗೆ ಹೋದರೆ ಮನಸ್ಸು ಪುಸ್ತಕದ ಮೇಲೆ. ಎರಡೂ ಕೈಗೆ ಸಿಗುತ್ತಿರಲಿಲ್ಲ.

ದುರ್ಬೀನಿನ ಖರ್ಚು ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಆರು ಇಂಚು ಕನ್ನಡಿಯ ಡಾಬ್ಸೋನಿಯನ್, ಅಂದರೆ ಸರಳ ಪೀಠದ ಮೇಲೆ ತಿರುಗುವ ಕನ್ನಡಿ ದುರ್ಬೀನು. ದೊಡ್ಡ ಕನ್ನಡಿ, ಸಣ್ಣ ಕನ್ನಡಿ ಸೇರಿ ಸುಮಾರು 9 ಸಾವಿರ. ಕಣ್ಣಿಟ್ಟು ನೋಡುವ 25 ಎಂಎಂ ಐಪೀಸ್ ಒಂದು, ಅದನ್ನು ಒಳಗೆ ಹೊರಗೆ ಸರಿಸುವ ಫೋಕಸರ್ ಒಂದು, ಎರಡೂ ಸೇರಿ 3 ಸಾವಿರದ ಹತ್ತಿರ. ಪ್ಲೈವುಡ್, ಬಡಿಗೇರರ ಕೂಲಿ 1,800 ಇರಬೇಕು. ಟ್ಯೂಬಿಗೆ ಬೋರ್‌ವೆಲ್ಲಿನ ಎಂಟು ಇಂಚಿನ ಪಿವಿಸಿ ಕೇಸಿಂಗ್ ಪೈಪ್ ತಂದೆವು. ನಮ್ಮ ಕಡೆ ಕೇಸಿಂಗ್ ಪೈಪಿನ ತುಂಡಿಗೆ ಬರ ಇಲ್ಲ, ತಾಳಿಕೋಟೆಯವನ ಮಾವ ಪುಕ್ಕಟೆ ಕೊಟ್ಟರು. ಆದರೆ ಭಾರ! ಬರೀ ಪೈಪೇ ಎಂಟು ಕೆಜಿ. ಈಗ ಮಾಡುವುದಾದರೆ ತೆಳು ಪೈಪ್ ಹುಡುಕುತ್ತೇನೆ. ಒಳಗೆ ಶಾಲೆಯ ಕಪ್ಪುಹಲಗೆಗೆ ಹಚ್ಚುವ ಬಣ್ಣ, ಎರಡು ಕೋಟ್.

ಹಾಳಾದ ದುಡ್ಡು ಬೇರೆ. ಮೊದಲು ತರಿಸಿದ ಕನ್ನಡಿಯ ಅಂಚು ಒಡೆದು ಬಂತು. ಕಳಿಸಿದವರು ಕೊರಿಯರ್‌ನವರದು ತಪ್ಪು ಎಂದರು, ಕೊರಿಯರ್‌ನವರು ಪ್ಯಾಕಿಂಗ್ ತಪ್ಪು ಎಂದರು. 3 ಸಾವಿರ ಹೋಯಿತು. ಎರಡನೆಯ ಕನ್ನಡಿ ಚೆನ್ನಾಗಿತ್ತು. ಆದರೆ ಜೋಡಿಸಿ ನೋಡಿದರೆ ಚಂದ್ರನೇ ಫೋಕಸ್ ಆಗಲಿಲ್ಲ. ಫೋಕಸರನ್ನು ಪೂರ್ತಿ ಒಳಗೆ ತಳ್ಳಿದರೂ ಇನ್ನೂ ಸ್ವಲ್ಪ ಒಳಗೆ ಹೋಗಬೇಕು ಅನ್ನುತ್ತಿತ್ತು. ನಾಲ್ಕು ರಾತ್ರಿ ಕನ್ನಡಿಯನ್ನೇ ಬೈದೆವು. ಆಮೇಲೆ ಹುಣ್ಣಿಮೆ ದಿನ ಕನ್ನಡಿ ಒಂದನ್ನೇ ಗೋಡೆಗೆ ಆನಿಸಿಟ್ಟು, ಟ್ರೇಸಿಂಗ್ ಪೇಪರ್ ಮೇಲೆ ಚಂದ್ರನ ಬಿಂಬ ಹಿಡಿದೆ. ಬಿಂಬ ಶೇಂಗಾ ಕಾಳಿನಷ್ಟು ಚಿಕ್ಕದು, ಅಂಚು ಮಾತ್ರ ಚೂಪು. ಕನ್ನಡಿಯಿಂದ ಬಿಂಬದವರೆಗೆ ಟೇಪ್ ಹಿಡಿದು ಅಳೆದರೆ 1,200 ಮಿಲಿಮೀಟರ್ ಇರಬೇಕಾದದ್ದು 1,175ರ ಆಸುಪಾಸು ಬಂತು. ನಾವು ಫೋಕಸರಿಗೆ ತೂತು ಕೊರೆದದ್ದು 1,200ರ ಲೆಕ್ಕಕ್ಕೆ! ಟ್ಯೂಬ್ ಕತ್ತರಿಸುವುದು ಬೇಕಾಗಲಿಲ್ಲ. ಉದ್ದನೆಯ ಬೋಲ್ಟ್ ಹಾಕಿ ದೊಡ್ಡ ಕನ್ನಡಿಯನ್ನು ಎರಡೂವರೆ ಸೆಂಟಿಮೀಟರ್ ಮುಂದೆ ತಂದೆ. 40 ರೂಪಾಯಿಯ ಬೋಲ್ಟಿನಿಂದ ಕೆಲಸ ಆಯಿತು. ಅಂದಿನಿಂದ ನಾನು ಹೇಳುವುದು ಒಂದೇ ಮಾತು: ಬಾಕ್ಸಿನ ಮೇಲೆ ಬರೆದದ್ದನ್ನು ನಂಬಬೇಡಿ, ಅಳೆದು ಕೊರೆಯಿರಿ.

ಕನ್ನಡಿಯನ್ನು ಅದರ ತಟ್ಟೆಯಲ್ಲಿ ಹೇಗೆ ಕೂರಿಸಿದೆ ಎಂದು ಬಹಳ ಜನ ಕೇಳುತ್ತಾರೆ. ಬೈಕ್ ಮೇಲೆ 25 ಕಿಲೋಮೀಟರ್ ಹೋದರೂ ನಮ್ಮ ಕನ್ನಡಿಯ ಹೊಂದಾಣಿಕೆ ಕದಲುವುದಿಲ್ಲ. ಅದನ್ನು ನಾನು ಕಂಡುಕೊಳ್ಳಲು ಆರು ತಿಂಗಳು ಹಿಡಿಯಿತು. ಅದೊಂದನ್ನು ಇಲ್ಲಿ ಬರೆಯುವುದಿಲ್ಲ. ಖೋಲಿಗೆ ಬಂದು ನೋಡಿದರೆ ತೋರಿಸುತ್ತೇನೆ.

ಈಗ ಮುಖ್ಯ ವಿಷಯ. ಆ ಹುಣ್ಣಿಮೆ ರಾತ್ರಿ ಚಂದ್ರನ ಬಿಂಬ ಹಿಡಿದು ಕೂತಾಗ ಒಂದು ಹೊಳೆಯಿತು. ಚಂದ್ರ ದೊಡ್ಡದಿದ್ದಾಗ ದುರ್ಬೀನಿಗೆ ಕೆಲಸ ಇಲ್ಲ. ಮಸುಕು ವಸ್ತು ಒಂದೂ ಕಾಣುವುದಿಲ್ಲ. ಅಂದರೆ ತಿಂಗಳ ಅರ್ಧದಷ್ಟು ದಿನ ಆಕಾಶವೇ ನಮಗೆ ರಜೆ ಕೊಡುತ್ತದೆ, ಅಲ್ವಾ? ಆ ದಿನಗಳಲ್ಲಿ ಕತ್ತು ಬಗ್ಗಿಸಿ ಓದಿದರೆ ಮನಸ್ಸು ಮಾಳಿಗೆಗೆ ಓಡುವುದಿಲ್ಲ. ಇಂಗ್ಲಿಷ್ ತಾರೀಖು ಬಿಟ್ಟು ತಿಥಿಗೆ ಪ್ಲಾನ್ ಕಟ್ಟೋಣ ಎಂದೆ. ತಿಥಿ ಇರುವ ಕ್ಯಾಲೆಂಡರ್ ಖೋಲಿಯ ಗೋಡೆ ಮೇಲೆ ಇದ್ದೇ ಇತ್ತು. 2024ರ ಯುಗಾದಿಗೆ, ಏಪ್ರಿಲ್ 9ಕ್ಕೆ ಶುರು ಮಾಡಿದೆವು.

ಪಾಡ್ಯದಿಂದ ಚೌತಿಯವರೆಗೆ ಹೊಸ ಪಾಠ. ಪಂಚಮಿಗೆ ಪುಸ್ತಕ ಮುಚ್ಚಿ ಅಷ್ಟನ್ನೂ ನೆನಪಿನಿಂದ ಬರೆಯುವುದು. ಷಷ್ಠಿಯಿಂದ ನವಮಿ ಮತ್ತೆ ಹೊಸದು. ದಶಮಿಗೆ ಎರಡೂ ಗಂಟು ಸೇರಿಸಿ ಬರೆಯುವುದು. ದಶಮಿ ದಾಟಿದ ಮೇಲೆ ಹೊಸ ಪಾಠದ ಮೂರನೆಯ ಗಂಟು. ಹುಣ್ಣಿಮೆಗೆ ಮೂರೂ ಸೇರಿ 100 ಪ್ರಶ್ನೆಯ ಮಾಕ್ ಟೆಸ್ಟ್, ಗಡಿಯಾರ ಇಟ್ಟು. ಕೃಷ್ಣ ಪಕ್ಷದಲ್ಲೂ ಇದೇ, ಆದರೆ ದಶಮಿ ದಾಟಿದ ಮೇಲೆ ಹೊಸ ಪಾಠ ಕಡಿಮೆ. ಅಮಾವಾಸ್ಯೆ ಬೆಳಿಗ್ಗೆ 50 ಪ್ರಶ್ನೆ, ಅದರಲ್ಲಿ 30 ಸರಿ ಬಂದವರಿಗೆ ಮಾತ್ರ ಆ ರಾತ್ರಿ ಐಪೀಸ್. ಟೆಸ್ಟ್ ತಪ್ಪಿಸಿದರೆ 50 ರೂಪಾಯಿ ದಂಡ, ಅದು ಡಬ್ಬಿಗೆ. ನಮ್ಮ 10 ಎಂಎಂ ಐಪೀಸ್ ಪೂರ್ತಿ ದಂಡದ ದುಡ್ಡಿನದು. ಅತಿ ಹೆಚ್ಚು ದಂಡ ಕಟ್ಟಿದ್ದು ಸಿಂದಗಿಯವನು. ಅದರಲ್ಲಿ ಮೊದಲು ನೋಡುವ ಹಕ್ಕನ್ನು ಅವನಿಗೇ ಕೊಟ್ಟೆವು.

ಮೊದಲ ಎರಡು ತಿಂಗಳು ಇದೂ ಕೆಟ್ಟಿತು. ತಪ್ಪು ನನ್ನದೇ. ಕತ್ತಲೆ ಇದ್ದ ಹನ್ನೆರಡೂ ರಾತ್ರಿ ಆಕಾಶಕ್ಕೆ ಎಂದು ಬರೆದಿದ್ದೆ. ನಿದ್ದೆ ಹೋಯಿತು, ಬೆಳಗಿನ ಕ್ಲಾಸಿನಲ್ಲಿ ತೂಕಡಿಕೆ, ಮೇ ತಿಂಗಳ ಟೆಸ್ಟಿನಲ್ಲಿ ನನಗೆ 44. ಮೇಲಾಗಿ ಬೇಸಿಗೆ. ಹಗಲೆಲ್ಲ ಕಾದ ಸ್ಲ್ಯಾಬ್ ರಾತ್ರಿ ಹನ್ನೊಂದರವರೆಗೂ ಬಿಸಿ ಉಗುಳುತ್ತದೆ. ಆ ಗಾಳಿಯಲ್ಲಿ ಯಾವ ನಕ್ಷತ್ರ ನೋಡಿದರೂ ಕುದಿಯುವ ಎಸರಿನಲ್ಲಿ ಅಕ್ಕಿ ಕುಣಿದಂತೆ ಕಾಣುತ್ತಿತ್ತು. ಹನ್ನೆರಡನ್ನು ನಾಲ್ಕಕ್ಕೆ ಇಳಿಸಿದೆವು. ಅಮಾವಾಸ್ಯೆಯ ಆಸುಪಾಸು ಎರಡು ರಾತ್ರಿ ಮಾಳಿಗೆ, ಹನ್ನೊಂದಕ್ಕೆ ಬಂದ್. ಎರಡು ರಾತ್ರಿ ಬಬಲೇಶ್ವರದವನ ಹೊಲ. ಅಷ್ಟಾದ ಮೇಲೆ ಹಳಿಗೆ ಬಂತು.

ಇನ್ನೊಂದು ತೊಡಕು ತಿಥಿಯದೇ. ಒಮ್ಮೊಮ್ಮೆ ಕ್ಯಾಲೆಂಡರಿನಲ್ಲಿ ದಶಮಿಯೇ ಹಾರಿಹೋಗಿರುತ್ತದೆ, ಒಮ್ಮೊಮ್ಮೆ ಒಂದೇ ತಿಥಿ ಎರಡು ದಿನ. ಇದರ ಮೇಲೆ ಇಂಡಿಯವನಿಗೂ ತಾಳಿಕೋಟೆಯವನಿಗೂ ಮಾತು ಬಿಡುವಷ್ಟು ಜಗಳ ಆಯಿತು. ಕೊನೆಗೆ ಹುಣ್ಣಿಮೆ, ಅಮಾವಾಸ್ಯೆ ಎರಡನ್ನು ಮಾತ್ರ ಕ್ಯಾಲೆಂಡರಿನಿಂದ ತಗೊಂಡೆವು. ನಡುವಿನದನ್ನು ಬೆರಳು ಮಡಚಿ ಎಣಿಸಿದೆವು. ಒಂದು ದಿನ ಉಳಿದರೆ ಬಟ್ಟೆ ಒಗೆಯಲು.

ಹೊಲದ ಅನುಭವ ಬೇರೆ. ನಮ್ಮದು ಎರೆ ಭೂಮಿ. ಒಣಗಿದಾಗ ಬಿರುಕು ಬಿಟ್ಟಿರುತ್ತದೆ, ದುರ್ಬೀನಿನ ಪೀಠ ಇಟ್ಟರೆ ಒಂದು ಕಾಲು ಬಿರುಕಿಗೆ ಇಳಿದು ಗ್ರಹ ಮಾಯ. ಒಂದು ಶಹಾಬಾದಿ ಪರಸಿ ಕಲ್ಲು ಒಯ್ದು ಬದುವಿನ ಪಕ್ಕ ಕಾಯಂ ಹಾಕಿದೆವು. ಅದರ ಮೇಲೆ ಗೋಣಿಚೀಲ, ಅದರ ಮೇಲೆ ಪೀಠ. ಈಗ ಅಲ್ಲಾಡುವುದಿಲ್ಲ. ಆ ಕಲ್ಲಿನ ಮೇಲಿಂದ ಮೇ ತಿಂಗಳಲ್ಲಿ ದಕ್ಷಿಣಕ್ಕೆ ಒಮೆಗಾ ಸೆಂಟಾರಿ ಎಂಬ ನಕ್ಷತ್ರಗಳ ಗುಚ್ಛ ನೋಡಿದ್ದೇವೆ. ಉತ್ತರದ ಊರಿನವರಿಗೆ ಅದು ದಿಗಂತದ ಧೂಳಿನಲ್ಲಿ ಸಿಕ್ಕಿರುತ್ತದೆ. ನಮಗೆ 25 ಡಿಗ್ರಿ ಮೇಲೆ ಬರುತ್ತದೆ. ಜರಡಿಯಿಂದ ಜೋಳದ ಹಿಟ್ಟು ಉದುರಿ ನಡುವೆ ಗುಡ್ಡೆಯಾದಂತೆ. ಅಂಚಿನಲ್ಲಿ ಕಣ ಕಣ ಬಿಡಿಯಾಗಿ ಕಾಣುತ್ತದೆ, ನಡುವೆ ಬರೀ ಬಿಳುಪು.

ಮಳೆಗಾಲದಲ್ಲಿ ಆಕಾಶ ಇಲ್ಲ. ಪ್ಲಾನ್ ಸಾಯುತ್ತದೆ ಎಂದು ಹೆದರಿದ್ದೆ. ಆಗ ಬಬಲೇಶ್ವರದವನ ಅಜ್ಜ ದಾರಿ ತೋರಿಸಿದರು. ಅವರು ಬಿತ್ತುವುದು ಮಳೆ ನಕ್ಷತ್ರದ ಲೆಕ್ಕಕ್ಕೆ. ಒಂದೊಂದು ಮಳೆ 13–14 ದಿನ. ನಾವೂ ಹಾಗೇ ಬಿತ್ತಿದೆವು. ಮೃಗಶಿರಕ್ಕೆ ಇತಿಹಾಸ, ಆರಿದ್ರಕ್ಕೆ ಭೂಗೋಳ, ಪುನರ್ವಸುವಿಗೆ ಸಂವಿಧಾನ, ಪುಷ್ಯಕ್ಕೆ ಅರ್ಥಶಾಸ್ತ್ರ. ಸೂರ್ಯ ಆ ನಕ್ಷತ್ರದ ಹತ್ತಿರ ಇರುವ ದಿನಗಳಿಗೆ ಆ ಮಳೆಯ ಹೆಸರು, ಹಾಗಾಗಿ ಮೃಗಶಿರದ ಮಳೆಯಲ್ಲಿ ಮೃಗಶಿರವೇ ರಾತ್ರಿ ಕಾಣುವುದಿಲ್ಲ. ಚಳಿಗಾಲದಲ್ಲಿ ಅದು ನೆತ್ತಿಗೆ ಬಂದಾಗ "ಇದು ನಾವು ಇತಿಹಾಸ ಓದಿದ ನಕ್ಷತ್ರ" ಎಂದು ನೆನಪಾಗುತ್ತಿತ್ತು. ಸುಳ್ಳಲ್ಲ, ಆದಿಲ್‌ಶಾಹಿ ಇಸವಿಗಳು ನನಗೆ ಇಂದಿಗೂ ಮೃಗಶಿರದ ಜೊತೆಗೇ ನೆನಪಿಗೆ ಬರುತ್ತವೆ.

ನಡುವೆ ಸಣ್ಣಪುಟ್ಟ ಪ್ರಯೋಗ ಬಹಳ ಮಾಡಿದೆವು. ಕೋನಮಾಪಕಕ್ಕೆ ದಾರ ಕಟ್ಟಿ, ದಾರಕ್ಕೆ ನಟ್ ತೂಗುಬಿಟ್ಟು ಧ್ರುವ ನಕ್ಷತ್ರದ ಎತ್ತರ ಅಳೆದೆವು. ಐವರ ಸರಾಸರಿ 17 ಚಿಲ್ಲರೆ ಬಂತು. ವಿಜಯಪುರದ ಅಕ್ಷಾಂಶ 16.8. ಹತ್ತು ರೂಪಾಯಿಯ ಕೋನಮಾಪಕಕ್ಕೆ ಅದು ಚಲೋ ಫಲ. ಮೇ ಮೊದಲ ವಾರ ಮಧ್ಯಾಹ್ನ 12:24ರ ಸುಮಾರಿಗೆ ಮಾಳಿಗೆ ಮೇಲೆ ತಂಬಿಗೆ ಇಟ್ಟು ನೆರಳು ಮಾಯವಾಗುವುದನ್ನು ನೋಡಿದೆವು. ಆಗಸ್ಟ್ ಮೊದಲ ವಾರವೂ ಹಾಗೇ ಆಗುತ್ತದೆ, ಆದರೆ ಆಗ ಮೋಡ. ಭೂಗೋಳದಲ್ಲಿ ಅಕ್ಷಾಂಶ, ಸೂರ್ಯನ ಚಲನೆಯ ಪ್ರಶ್ನೆ ಬಂದರೆ ನಮ್ಮ ಐವರಲ್ಲಿ ಯಾರೂ ತಪ್ಪುವುದಿಲ್ಲ. ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ.

ಪ್ಲಾನಿಗೆ ನಿಜವಾದ ಪರೀಕ್ಷೆ ಬಂದದ್ದು 2024ರ ಅಕ್ಟೋಬರಿನಲ್ಲಿ. ತ್ಸುಚಿನ್‌ಶಾನ್-ಅಟ್ಲಾಸ್ ಧೂಮಕೇತು ಸಂಜೆಯ ಪಶ್ಚಿಮಕ್ಕೆ ಬಂತು. ಅದೂ ಸರಿಯಾಗಿ ಶೀಗಿ ಹುಣ್ಣಿಮೆಯ ವಾರ. ಅಕ್ಟೋಬರ್ 17ಕ್ಕೆ ನಮ್ಮ ಮಾಕ್ ಟೆಸ್ಟ್. ನಾಲ್ವರೂ "ಟೆಸ್ಟ್ ಬಿಡೋಣ, ಇಂಥದ್ದು ಮತ್ತೆ ಬರುತ್ತಾ?" ಎಂದರು. ನಾನು ಒಪ್ಪಲಿಲ್ಲ. ಹುಣ್ಣಿಮೆ ಬೆಳಕಿನಲ್ಲಿ ಬಾಲ ಕಾಣುವುದಿಲ್ಲ, ಟೆಸ್ಟ್ ಬರೆದು ಮೂರ್ನಾಲ್ಕು ದಿನ ತಡೆಯಿರಿ ಎಂದೆ. ಬೈದರು, ಆದರೂ ಬರೆದರು. ಹುಣ್ಣಿಮೆ ಕಳೆದ ಮೇಲೆ ಚಂದ್ರ ದಿನಕ್ಕೆ ಮುಕ್ಕಾಲು ತಾಸಿನ ಮೇಲೆ ತಡವಾಗಿ ಹುಟ್ಟುತ್ತಾನೆ. ನಾಲ್ಕನೆಯ ದಿನ ಹೊಲದಲ್ಲಿ ಏಳೂಕಾಲಿನಿಂದ ಒಂದೂವರೆ ತಾಸು ಗಟ್ಟಿ ಕತ್ತಲೆ ಸಿಕ್ಕಿತು. ಮೋಡ ಸರಿದ ಸಂದಿಯಲ್ಲಿ ಬೈನಾಕ್ಯುಲರ್ ಹಿಡಿದರೆ ಬಾಲ ನೋಟದ ಅಂಚಿನವರೆಗೂ ಚಾಚಿತ್ತು. ಹುಣ್ಣಿಮೆಗಿಂತ ಮೊದಲೇ ಓಡಿಹೋಗಿ ನೋಡಿದ ಪಕ್ಕದ ಖೋಲಿಯವರು ಬರೀ ಒಂದು ಮಸುಕು ಚುಕ್ಕೆ ಕಂಡಿದ್ದರು. ಅಂದಿನಿಂದ ನಮ್ಮ ಪ್ಲಾನಿಗೆ ಎದುರು ಮಾತಾಡಿದವರಿಲ್ಲ. ಆ ಟೆಸ್ಟಿನಲ್ಲಿ ನನಗೆ 71.

ಮನೆಯವರು ಒಪ್ಪಿದ್ದು ಡಿಸೆಂಬರಿನಲ್ಲಿ. ಎಳ್ಳ ಅಮಾವಾಸ್ಯೆ 30ಕ್ಕೆ ಬಿತ್ತು. ಹೊಲದಲ್ಲಿ ಚರಗ ಚೆಲ್ಲಿ, ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹೋಳಿಗೆ ಉಂಡು ಎಲ್ಲರೂ ಸಂಜೆಯವರೆಗೆ ಉಳಿದಿದ್ದರು. ಅಮಾವಾಸ್ಯೆ ದಿನ ಕತ್ತಲಾದ ಮೇಲೆ ಹೊಲದಲ್ಲಿ ಇರಬಾರದು ಎಂದು ಹಿರಿಯರು ಎದ್ದರು. ಹತ್ತು ನಿಮಿಷ ಎಂದು ನಾನು ಕೂರಿಸಿದೆ. ನೈರುತ್ಯಕ್ಕೆ ಶುಕ್ರ, ಅದರ ಮೇಲೆ ಶನಿ, ಪೂರ್ವಕ್ಕೆ ರೋಹಿಣಿಯ ಪಕ್ಕ ಗುರು. ಶನಿಗೆ 10 ಎಂಎಂ ಹಾಕಿದೆ. ಆ ವರ್ಷ ಉಂಗುರ ನಮ್ಮ ಕಡೆಗೆ ಅಂಚು ತಿರುಗಿಸುತ್ತಿತ್ತು, ಗೆರೆಯಷ್ಟು ತೆಳ್ಳಗೆ. ಬಬಲೇಶ್ವರದವನ ಅಜ್ಜಿ ಕಣ್ಣಿಟ್ಟು ಬಹಳ ಹೊತ್ತು ಸುಮ್ನೆ ಇದ್ದರು. ಆಮೇಲೆ "ಮುತ್ತಿಗೆ ಸೂಜಿ ಚುಚ್ಚಿದಂಗ ಐತಿ" ಎಂದರು. ನನ್ನ ಅಪ್ಪನೂ ಬಂದಿದ್ದರು. ಗುರುವಿನ ನಾಲ್ಕು ಚಂದ್ರ ಎಣಿಸಿದರು, ಏನೂ ಹೇಳಲಿಲ್ಲ. ಹೋಗುವಾಗ ನನ್ನ ಜೇಬಿಗೆ ಐನೂರರ ಎರಡು ನೋಟು ತುರುಕಿ "ಡಬ್ಬಿಗೆ ಹಾಕು" ಎಂದರು. ಹತ್ತು ನಿಮಿಷ ಎಂದದ್ದು ಮುಗಿದಾಗ ರಾತ್ರಿ ಒಂಬತ್ತಾಗಿತ್ತು.

ಆಮೇಲಿನದು ಓದಿನ ಕಥೆ, ಅದರಲ್ಲಿ ವಿಶೇಷ ಇಲ್ಲ. ಸರಾಸರಿ 48ರಿಂದ 72ಕ್ಕೆ ಬಂತು. ಪರೀಕ್ಷೆ ಎರಡು ಸಲ ಮುಂದೆ ಹೋಯಿತು, ನಮ್ಮ ತಿಥಿ ಹೋಗಲಿಲ್ಲ. 2025ರ ಸೆಪ್ಟೆಂಬರ್ 7ರ ಚಂದ್ರಗ್ರಹಣ ಹುಣ್ಣಿಮೆಗೇ ಬರಬೇಕಲ್ಲ, ಅಂದೂ ಬೆಳಿಗ್ಗೆ ಟೆಸ್ಟ್ ಮುಗಿಸಿಯೇ ರಾತ್ರಿ ಮಾಳಿಗೆ ಹತ್ತಿದೆವು. 11 ಗಂಟೆಯಿಂದ 12:22ರವರೆಗೆ ಪೂರ್ಣಗ್ರಹಣ. ಮೋಡದ ನಡುವೆ ನಮಗೆ ಸಿಕ್ಕಿದ್ದು ಕಾಲು ತಾಸು, ಇಟ್ಟಿಗೆ ಬಣ್ಣದ ಚಂದ್ರ.

ಹುಣ್ಣಿಮೆ ಟೆಸ್ಟಿಗೆ 100 ಪ್ರಶ್ನೆಯನ್ನು ಐವರಲ್ಲಿ ಹಂಚಿ, ಯಾರೂ ತಾನು ತೆಗೆದ ಪ್ರಶ್ನೆಗೆ ತಾನೇ ಉತ್ತರ ಬರೆಯದ ಹಾಗೆ ಮಾಡುವ ಒಂದು ಲೆಕ್ಕ ಇದೆ. ಅದೂ ಖೋಲಿಗೆ ಬಂದವರಿಗೆ.

ನೌಕರಿಯಾದ ಮೂವರೂ ಈಗಲೂ ಅಮಾವಾಸ್ಯೆಗೆ ಹೊಲಕ್ಕೆ ಬರುತ್ತೇವೆ. ಖೋಲಿಗೆ ಹೊಸದಾಗಿ ಮೂವರು ಬಂದಿದ್ದಾರೆ, ಅದೇ ಕ್ಯಾಲೆಂಡರ್ ಗೋಡೆಯಲ್ಲಿ. ಕನ್ನಡಿಗೆ ಧೂಳು ತಿಂದು ಹೊಳಪು ಇಳಿದಿದೆ, ಹೊಸ ಲೇಪ ಹಾಕಿಸಬೇಕು. 2 ಸಾವಿರ ಬೀಳಬಹುದು. ಡಬ್ಬಿಯಲ್ಲಿ 1,350 ಇದೆ. ಸಿಂದಗಿಯವನು ಈ ಸಲ ಎರಡು ಟೆಸ್ಟ್ ತಪ್ಪಿಸಿದ್ದಾನೆ, ಅವನ 100 ಬರಬೇಕು.