ಹಳೇ ಮನೆ, ಆರು ಯಾರ್ಡ್ ಸ್ಕಿಪ್

"ಸ್ಕಿಪ್ ಬುಕ್ ಮಾಡಿದ್ದೀನಿ ಅಮ್ಮ" ಅಂದೆ ಫೋನಿನಲ್ಲಿ. "ಏನನ್ನ ಸ್ಕಿಪ್ ಮಾಡ್ತೀಯೋ, ಮತ್ತೆ ತಿಂಡೀನಾ?" ಅಂದರು.

ನಮ್ಮ ಕಡೆ ಸ್ಕಿಪ್ ಅಂದರೆ ಬಿಟ್ಟುಬಿಡೋದು. ಇಂಗ್ಲೆಂಡಿನಲ್ಲಿ ಅದು ಕಸ ತುಂಬುವ ದೊಡ್ಡ ಕಬ್ಬಿಣದ ತೊಟ್ಟಿ. ಲಾರಿಯಲ್ಲಿ ತಂದು ಇಳಿಸಿ ಹೋಗುತ್ತಾರೆ. ತುಂಬಿದ ಮೇಲೆ ಬಂದು ಎತ್ತಿಕೊಂಡು ಹೋಗುತ್ತಾರೆ. ಹಳೇ ಇಂಗ್ಲಿಷಿನಲ್ಲಿ ಬುಟ್ಟಿಗೆ ಸ್ಕೆಪ್ ಅನ್ನುತ್ತಿದ್ದರು, ಅದೇ ಪದ ತಿರುಗಿ ಸ್ಕಿಪ್ ಆಗಿದೆ. ಒಟ್ಟಿನಲ್ಲಿ ಮಂಕರಿ ಅಂದುಕೊಳ್ಳಿ. ಬಾಡಿಗೆ ಮಂಕರಿ.

ನಾವು ಮನೆ ಕೊಂಡಿದ್ದು ಸಫೋಕ್ ಕೌಂಟಿಯ ಲ್ಯಾವನಮ್‌ನಲ್ಲಿ. ಸುಮಾರು 500 ವರ್ಷಗಳ ಹಿಂದೆ ಈ ಊರು ನೀಲಿ ಉಣ್ಣೆ ಬಟ್ಟೆ ಮಾರಿ ಸಿಕ್ಕಾಪಟ್ಟೆ ದುಡ್ಡು ಮಾಡಿತ್ತು. ಆಮೇಲೆ ವ್ಯಾಪಾರ ಬಿದ್ದುಹೋಯಿತು. ಹಳೆಯದನ್ನು ಕೆಡವಿ ಹೊಸದು ಕಟ್ಟಿಸಲು ಜನರ ಹತ್ತಿರ ಕಾಸಿರಲಿಲ್ಲ. ಹಾಗಾಗಿ ಮರದ ಚೌಕಟ್ಟಿನ ಆ ಮನೆಗಳು ಹಾಗೇ ಉಳಿದುಕೊಂಡವು. ಊರು ಚಿಕ್ಕದು, ಆದರೆ ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿ ಇಲ್ಲಿನ 300ಕ್ಕೂ ಹೆಚ್ಚು ಕಟ್ಟಡಗಳಿವೆ. 1530ರ ಸುಮಾರಿಗೆ ಕಟ್ಟಿದ ಗಿಲ್ಡ್‌ಹಾಲ್ ಅನ್ನುವ ಹಳೇ ಸಂಘದ ಸಭಾಭವನ ನೋಡಲು ಬಸ್ಸುಗಟ್ಟಲೆ ಜನ ಬರುತ್ತಾರೆ. ಕೆಲವು ಮನೆಗಳು ಜಾತ್ರೆ ಮುಗಿಸಿ ಬಂದ ಕುಡುಕರ ಹಾಗೆ ಪಕ್ಕದ ಮನೆಯ ಹೆಗಲಿಗೆ ವಾಲಿವೆ. ನಮ್ಮದೂ ಸ್ವಲ್ಪ ವಾಲಿದೆ.

ಈ ಮನೆಯಲ್ಲಿ ಒಬ್ಬ ಅಜ್ಜಿ ಬಹಳ ವರ್ಷ ಒಬ್ಬರೇ ಇದ್ದರು. ಅವರು ಹೋದ ಮೇಲೆ ಮಕ್ಕಳು ಬೇಕಾದ್ದನ್ನು ತೆಗೆದುಕೊಂಡು, ಬೇಡದ್ದನ್ನು ಮನೆ ಜೊತೆಗೇ ನಮಗೆ ಮಾರಿದರು ಅನ್ನಬೇಕು. ಮೂರು ಬೀರು, ಎರಡು ಸೋಫಾ, ಕೊಳೆತ ಕಾರ್ಪೆಟ್, ಹಿತ್ತಿಲಿನ ಶೆಡ್ ತುಂಬ ಏನೇನೋ. ತೀರ್ಥಹಳ್ಳಿಯಲ್ಲಾಗಿದ್ದರೆ ಗುಜರಿಯವನು ಬಂದು ತೂಕ ಹಾಕಿ ನಮಗೇ ದುಡ್ಡು ಕೊಟ್ಟು ಹೋಗುತ್ತಿದ್ದ. ಇಲ್ಲಿ ಎಸೆಯೋಕೂ ದುಡ್ಡು ಕೊಡಬೇಕು. ಅದಕ್ಕೆ ಕಾರಣವೂ ಇದೆ. ಕಸವನ್ನು ಭೂಮಿಯಲ್ಲಿ ಹೂಳುವುದಕ್ಕೆ ಬ್ರಿಟನ್‌ನಲ್ಲಿ ತೆರಿಗೆ ಇದೆ. 1996ರಲ್ಲಿ ಶುರುವಾದಾಗ ಟನ್‌ಗೆ 7 ಪೌಂಡ್ ಇತ್ತು. 2025ರ ಏಪ್ರಿಲ್‌ನಲ್ಲಿ 126.15 ಪೌಂಡ್ ಆಯಿತು. ನಾನು ಸ್ಕಿಪ್ ತರಿಸಿದ್ದು ಸರಿಯಾಗಿ ಅದೇ ಬೇಸಿಗೆಯಲ್ಲಿ. ನನ್ನ ಅದೃಷ್ಟವೇ ಹಾಗೆ.

ಗುರುವಾರ ಫೋನ್ ಮಾಡಿದರೆ ಶನಿವಾರ ಸ್ಕಿಪ್ ಬರುತ್ತೆ ಅಂದುಕೊಂಡಿದ್ದೆ. ಮನೆ ಮುಂದೆ ಸ್ವಂತ ಜಾಗ ಇದ್ದವರಿಗೆ ಹಾಗೇ ಬರುತ್ತದೆ, ಯಾರ ಅಪ್ಪಣೆಯೂ ಬೇಡ. ನಮ್ಮ ಬೀದಿಯಲ್ಲಿ ಯಾರಿಗೂ ಅಂಗಳ ಇಲ್ಲ. ಬಾಗಿಲು ತೆಗೆದರೆ ಕಾಲು ನೇರ ಫುಟ್‌ಪಾತ್ ಮೇಲೆ. ಅಂದರೆ ಸ್ಕಿಪ್ ನಿಲ್ಲಬೇಕಾದ್ದು ಸಾರ್ವಜನಿಕ ರಸ್ತೆಯಲ್ಲಿ. 1980ರ ಹೆದ್ದಾರಿ ಕಾಯ್ದೆಯ ಪ್ರಕಾರ ಅದಕ್ಕೆ ಕೌಂಟಿ ಕೌನ್ಸಿಲ್‌ನ ಪರ್ಮಿಟ್ ಬೇಕೇ ಬೇಕು. ಸಾಮಾನ್ಯವಾಗಿ ಅರ್ಜಿ ಹಾಕುವುದು ಸ್ಕಿಪ್ ಕಂಪನಿಯವರು, ದುಡ್ಡು ನಮ್ಮದು. ಸ್ಕಿಪ್ ಮೇಲೆ ಮಾಲೀಕರ ಹೆಸರು, ಫೋನ್ ನಂಬರ್ ಎದ್ದು ಕಾಣಬೇಕು. ರಾತ್ರಿ ದೀಪ ಉರಿಯಬೇಕು. ತುಂಬಿದ ಕೂಡಲೇ ತೆಗೆಯಬೇಕು. ನನಗೆ ಪರ್ಮಿಟ್ ಕೈಗೆ ಬರಲು ಹತ್ತು ದಿನ ಹಿಡಿಯಿತು. ನೀವು ಲೆಕ್ಕ ಹಾಕುವಾಗ ಎರಡು ವಾರ ಇಟ್ಟುಕೊಳ್ಳಿ.

ಕಂಪನಿ ಆರಿಸುವಾಗ ನಾನು ಒಂದು ಕೆಲಸ ಸರಿಯಾಗಿ ಮಾಡಿದೆ, ಇನ್ನೊಂದನ್ನು ಮರೆತೆ. ಸರಿಯಾಗಿ ಮಾಡಿದ್ದು ಲೈಸೆನ್ಸ್ ನೋಡಿದ್ದು. ಕಸ ಸಾಗಿಸುವವರೆಲ್ಲ ಎನ್ವಿರಾನ್ಮೆಂಟ್ ಏಜೆನ್ಸಿ ಅನ್ನುವ ಸರ್ಕಾರಿ ಪರಿಸರ ಸಂಸ್ಥೆಯಲ್ಲಿ ನೋಂದಾಯಿಸಿರಬೇಕು, ಆ ಪಟ್ಟಿಯನ್ನು ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು. ಅಗ್ಗಕ್ಕೆ ಸಿಕ್ಕಿದ ಅಂತ ವ್ಯಾನಿನವನಿಗೆ ಕೊಟ್ಟು, ಅವನು ಯಾವುದೋ ಗದ್ದೆ ಅಂಚಿಗೆ ಸುರಿದು ಹೋದರೆ, ವಿಚಾರಿಸದೆ ಕೊಟ್ಟ ತಪ್ಪಿಗೆ ಮನೆಯವರಿಗೂ 600 ಪೌಂಡ್‌ವರೆಗೆ ದಂಡ ಬೀಳಬಹುದು. ರಶೀದಿ ಜೋಪಾನ.

ಮರೆತದ್ದು ಬೀದಿಯ ಫೋಟೊ ಕಳಿಸುವುದನ್ನು. ನಮ್ಮ ಬೀದಿ ಮಾರ್ಕೆಟ್ ಪ್ಲೇಸ್‌ನಿಂದ ಕೆಳಗೆ ಇಳಿಯುವ ಇಕ್ಕಟ್ಟು ಬೀದಿ. ಅಗಲದ್ದು ಒಂದು ಕಷ್ಟ ಆದರೆ, ನಿಜವಾದ ತಲೆನೋವು ಮೇಲಿತ್ತು. ಇಲ್ಲಿನ ಹಳೇ ಮನೆಗಳ ಮಹಡಿ ಕೆಳಗಿನ ಗೋಡೆಗಿಂತ ಒಂದೆರಡು ಅಡಿ ಬೀದಿಯ ಕಡೆಗೆ ಚಾಚಿಕೊಂಡಿರುತ್ತದೆ. ಅದಕ್ಕೆ ಜೆಟ್ಟಿ ಅನ್ನುತ್ತಾರೆ. ಸ್ಕಿಪ್ ಲಾರಿಗೆ ಹಿಂಭಾಗದಲ್ಲಿ ಎರಡು ಕಬ್ಬಿಣದ ತೋಳು. ಸರಪಳಿ ಕಟ್ಟಿದ ತೊಟ್ಟಿಯನ್ನು ಅವು ಮೇಲಕ್ಕೆತ್ತಿ, ಹಿಂದಕ್ಕೆ ಚಾಚಿ ಇಳಿಸುತ್ತವೆ. ಆ ತೋಳು ಎದ್ದರೆ ಸೀದಾ ನಮ್ಮ ಜೆಟ್ಟಿಯ ತೊಲೆಗೆ.

ಡ್ರೈವರ್ ಇಳಿದ. ಮೇಲೆ ನೋಡಿದ. ನನ್ನನ್ನು ನೋಡಿದ. ತಲೆ ಅಲ್ಲಾಡಿಸಿ, ಎಂಟು ಯಾರ್ಡಿನ (ಎಂಟು ಘನ ಗಜ ಹಿಡಿಯುವ) ಸ್ಕಿಪ್ ಇಳಿಸದೆ ವಾಪಸ್ ಹೊರಟುಹೋದ. ಖಾಲಿ ಓಡಾಟಕ್ಕೆ ಅಂತ ಕಂಪನಿಯವರು ದುಡ್ಡು ಹಾಕಿದರು. ಬುಕ್ ಮಾಡುವಾಗ ಒಬ್ಬರಾದರೂ ಬೀದಿ ಹೇಗಿದೆ ಅಂತ ಕೇಳಬಹುದಿತ್ತು, ಅಲ್ವಾ? ನಾನೂ ಹೇಳಬಹುದಿತ್ತು, ಅದೂ ನಿಜ.

ಎರಡನೇ ಸಲ ಬೇರೆಯವರಿಗೆ ಫೋನ್ ಮಾಡಿದೆ. ಮೊದಲೇ ಆರು ಫೋಟೊ ಕಳಿಸಿದೆ: ಬೀದಿಯ ಎರಡೂ ತುದಿ, ತಿರುವು, ಜೆಟ್ಟಿ, ಕಾರುಗಳು ನಿಲ್ಲುವ ಜಾಗ. ಟೇಪ್ ಹಿಡಿದು ಅಗಲ ಅಳೆದು ಬರೆದೆ. ಅವರು ಎಂಟರ ಬದಲು ಆರು ಯಾರ್ಡಿನ ಸ್ಕಿಪ್ ಹೇಳಿದರು. ಆರು ಯಾರ್ಡ್ ಅಂದರೆ ಆರು ಘನ ಗಜ, ಸುಮಾರು 4.6 ಘನ ಮೀಟರ್. ಜಾಗವನ್ನು ಮನೆಯಿಂದ ಮೂವತ್ತು ಹೆಜ್ಜೆ ಕೆಳಗೆ, ಜೆಟ್ಟಿ ಇಲ್ಲದ ಗೋಡೆಯ ಪಕ್ಕ ಆರಿಸಿದರು. ಪರ್ಮಿಟ್ ಆ ಜಾಗಕ್ಕೇ ತೆಗೆದುಕೊಂಡರು. ನನಗೆ ವ್ಯಾಟ್ ಸೇರಿ 290 ಪೌಂಡ್ ಬಿತ್ತು, ಪರ್ಮಿಟ್ ಫೀಸು ಬೇರೆ. ಈ ಡ್ರೈವರ್ ವಯಸ್ಸಾದವರು, ಮಾತುಗಾರರು. "ತಂತಿ ಇಲ್ಲ, ಅದೇ ಪುಣ್ಯ" ಅಂದರು. ಊರಿನ ಅಂದ ಕೆಡಬಾರದು ಅಂತ 1960ರ ದಶಕದಲ್ಲೇ ಇಲ್ಲಿನ ಕಂಬ, ತಂತಿ ಎಲ್ಲ ತೆಗೆದು ನೆಲದೊಳಗೆ ಹಾಕಿದ್ದಾರೆ. ನಾನು ಎರಡು ವರ್ಷದಿಂದ ಇಲ್ಲಿದ್ದೇನೆ, ಬೀದಿಯಲ್ಲಿ ಕಂಬ ಇಲ್ಲ ಅನ್ನುವುದು ಅವತ್ತೇ ಗಮನಕ್ಕೆ ಬಂದದ್ದು. ರಸ್ತೆ ಕೆರೆದುಹೋಗದ ಹಾಗೆ ಕೆಳಗೆ ಹಲಗೆ ಹಾಸಿ, ಅದರ ಮೇಲೆ ಹಳದಿ ತೊಟ್ಟಿಯನ್ನು ಮಗು ಮಲಗಿಸಿದಂತೆ ಇಳಿಸಿದರು.

ಇನ್ನು ಏನು ಹಾಕಬಾರದು ಅನ್ನುವ ವಿಷಯ. ಫ್ರಿಜ್, ಟಿವಿ, ಬ್ಯಾಟರಿ, ಟೈರು, ಗ್ಯಾಸ್ ಸಿಲಿಂಡರ್, ಟ್ಯೂಬ್‌ಲೈಟ್, ಡಬ್ಬದಲ್ಲಿ ಉಳಿದ ಪೇಂಟ್ ಯಾವುದೂ ಆಗಲ್ಲ. ಇದನ್ನು ಯಾರಾದರೂ ಊಹಿಸಬಹುದು. ನನಗೆ ಗೊತ್ತಿರದಿದ್ದದ್ದು ಸೋಫಾ ಕಥೆ. ಹಳೇ ಸೋಫಾಗಳ ಬಟ್ಟೆ, ಸ್ಪಂಜಿನಲ್ಲಿ ಬೆಂಕಿ ಹತ್ತದಿರಲಿ ಅಂತ ಹಾಕಿದ ರಾಸಾಯನಿಕಗಳು ಪರಿಸರದಲ್ಲಿ ಕರಗದೆ ಉಳಿಯುತ್ತವಂತೆ. 2023ರಿಂದ ಅಂಥವನ್ನು ಬೇರೆ ಕಸದೊಡನೆ ಬೆರೆಸುವಂತಿಲ್ಲ, ಹೂಳುವಂತಿಲ್ಲ, ಸುಡಲೇಬೇಕು. ಆದ್ದರಿಂದ ಎರಡು ಸೋಫಾಗೆ ಬೇರೆ ಲಾರಿ, ಬೇರೆ ಬಿಲ್ಲು. ಜಿಪ್ಸಮ್ ಬೋರ್ಡ್ ಕೂಡ ಬೇರೆಯೇ. ಅದು ಕೊಳೆಯುವ ಕಸದ ಜೊತೆ ಹೂತರೆ ಕೊಳೆತ ಮೊಟ್ಟೆಯ ವಾಸನೆಯ ವಿಷದ ಗಾಳಿ ಹುಟ್ಟುತ್ತದೆ.

ಶೆಡ್ಡಿನ ಮೇಲೆ ಬೂದು ಬಣ್ಣದ ಅಲೆಅಲೆ ಶೀಟು ಇತ್ತು. ನಮ್ಮೂರಲ್ಲಿ ಕೊಟ್ಟಿಗೆ ಮೇಲೆ ಹಾಕುವ ಸಿಮೆಂಟ್ ಶೀಟೇ. ನಾನು ಸುತ್ತಿಗೆ ಹಿಡಿದು ಮೇಲೆ ಹತ್ತಿದ್ದೆ. ಹೆಂಡತಿ ಕೆಳಗಿನಿಂದ ಕೂಗಿದ್ದರಿಂದ ಬಚಾವಾದೆ. ಅದು ಕಲ್ನಾರು, ಅಂದರೆ ಆಸ್‌ಬೆಸ್ಟಾಸ್. ಒಡೆದರೆ ಅದರ ದೂಳು ಎದೆಗೆ ಹೋಗಿ ಕೂರುತ್ತದೆ. ಬ್ರಿಟನ್ 1999ರಲ್ಲಿ ಅದನ್ನು ಪೂರ್ತಿ ನಿಷೇಧಿಸಿತು. ಅಜ್ಜನ ಮನೆಯ ಕೊಟ್ಟಿಗೆಯಲ್ಲಿ ಒಡೆದ ಶೀಟಿನ ಚೂರಿನಿಂದ ನಾವು ಕುಂಟೆಬಿಲ್ಲೆ ಆಡಿದ್ದು ನೆನಪಾಯಿತು. ಶೀಟನ್ನು ಒಡೆಯದೆ ಬಿಚ್ಚಿ, ಪ್ಲಾಸ್ಟಿಕ್‌ನಲ್ಲಿ ಸುತ್ತಿ ಒಯ್ಯಲು ಆ ಕೆಲಸ ಗೊತ್ತಿರುವವರನ್ನೇ ಕರೆಸಿದೆ.

ಇಷ್ಟೆಲ್ಲ ಯಾವ ಊರಿಗಾದರೂ ಅನ್ವಯಿಸುತ್ತದೆ. ಇಂಥ ಹಳೇ ಊರಿನಲ್ಲಿ ಇನ್ನೊಂದು ಪ್ರಶ್ನೆ ಇದೆ: ಇದು ಕಸವೋ, ಮನೆಯೋ?

ಮಹಡಿ ಮೇಲೆ ಒಂದು ಹಲಗೆ ಬಾಗಿಲು ಕೀಲು ಸಡಿಲವಾಗಿ ಗೋಡೆಗೆ ಒರಗಿತ್ತು. ಹುಳ ತಿಂದು ತೂತು ತೂತು. ಮೂರು ಪದರ ಬಣ್ಣ. ಹೊತ್ತುಕೊಂಡು ಸ್ಕಿಪ್ ಹತ್ತಿರ ಬಂದೆ. ಎದುರುಮನೆಯವರು, ನಿವೃತ್ತ ಬಡಗಿ, ಕೈಯಲ್ಲಿ ಚಹಾ ಹಿಡಿದು ನಿಂತಿದ್ದರು. "ಅದನ್ನ ಅಲ್ಲಿ ಹಾಕಲ್ಲ ತಾನೇ?" ಅಂದರು. ಇಲ್ಲಿನವರು ಬೈಯುವುದೇ ಹೀಗೆ, ಪ್ರಶ್ನೆ ಕೇಳಿದ ಹಾಗೆ. ಬಾಗಿಲ ಕೀಲನ್ನು ಬೆರಳಲ್ಲಿ ಸವರಿ ತೋರಿಸಿದರು. ಕಮ್ಮಾರ ಕೈಯಲ್ಲಿ ಬಡಿದದ್ದು. ಮೊಳೆಯೂ ಅಷ್ಟೆ.

ಸರ್ಕಾರದ ಸಂರಕ್ಷಿತ ಪಟ್ಟಿಯಲ್ಲಿರುವ ನಮ್ಮಂಥ ಮನೆಯಲ್ಲಿ ಹೊರಗಿನ ಗೋಡೆಯಷ್ಟೇ ಅಲ್ಲ, ಒಳಗಿನ ಬಾಗಿಲು, ನೆಲದ ಹಲಗೆ, ಒಲೆಗೂಡು ಎಲ್ಲಕ್ಕೂ ರಕ್ಷಣೆ ಇದೆ. ಮನೆಯ ಸ್ವರೂಪ ಬದಲಾಗುವಂತೆ ಅನುಮತಿ ಇಲ್ಲದೆ ಕಿತ್ತರೆ ಅದು ಅಪರಾಧ, ಬರೀ ದಂಡದ ವಿಷಯವಲ್ಲ. ಮನೆ ಕೊಳ್ಳುವಾಗ ವಕೀಲರು ಇದನ್ನು ಹೇಳಿದ್ದರು. ಕಾಗದದಲ್ಲಿ ಓದಿದ್ದೆ. ಆದರೆ ಬೆನ್ನ ಮೇಲೆ ಬಾಗಿಲು ಹೊತ್ತಾಗ ಕಾಗದ ಎಲ್ಲಿ ನೆನಪಾಗುತ್ತದೆ? ಜಿಲ್ಲಾ ಕೌನ್ಸಿಲ್‌ನ ಸಂರಕ್ಷಣಾ ಅಧಿಕಾರಿಗೆ ಫೋಟೊ ಸಮೇತ ಈಮೇಲ್ ಹಾಕಿದೆ. ಬಾಗಿಲನ್ನು ಇಟ್ಟುಕೊಳ್ಳಿ, ರಿಪೇರಿ ಮಾಡಿಸಿ ಅಂತ ಉತ್ತರ ಬಂತು. ಬಾಗಿಲು ಮತ್ತೆ ಮಹಡಿ ಹತ್ತಿತು.

ಹಿಂದಿನ ಕೋಣೆಯಲ್ಲಿ ಗೋಡೆಯ ಒಂದು ಚೂರು ಉದುರಿ ನೆಲದಲ್ಲಿ ಗುಡ್ಡೆಯಾಗಿತ್ತು. ಗುದ್ದಲಿಯಲ್ಲಿ ಬಕೆಟ್‌ಗೆ ತುಂಬುವಾಗ ಕಣ್ಣಿಗೆ ಬಿದ್ದದ್ದು ಕಡ್ಡಿ, ಹುಲ್ಲು, ಹದವಾದ ಮಣ್ಣು. ಮಲೆನಾಡಿನ ತಟ್ಟಿ ಗೋಡೆ! ನಮ್ಮಲ್ಲಿ ಬಿದಿರಿನ ತಟ್ಟಿ, ಇವರಲ್ಲಿ ಹೇಝಲ್ ಅನ್ನುವ ಗಿಡದ ಕಡ್ಡಿ. ಮೆತ್ತುವುದು ಮಾತ್ರ ಅದೇ: ಮಣ್ಣು, ಹುಲ್ಲು, ಸಗಣಿ. ಬಡಗಿಗೆ ಹೇಳಿದೆ, ನಮ್ಮ ಅಜ್ಜಿ ಹೀಗೇ ಕಾಲಲ್ಲಿ ತುಳಿದು ಮಣ್ಣು ಹದ ಮಾಡುತ್ತಿದ್ದರು ಅಂತ. ಅವರಿಗೆ ನನ್ನ ಮೇಲೆ ಇದ್ದಕ್ಕಿದ್ದ ಹಾಗೆ ಗೌರವ ಬಂತು. ಆ ಮಣ್ಣನ್ನು ಎಸೆಯಬೇಡ, ನೀರು ಹಾಕಿ ನೆನೆಸಿ, ಹೊಸ ಹುಲ್ಲು ಸೇರಿಸಿ ಅದೇ ತೂತಿಗೆ ಮತ್ತೆ ಮೆತ್ತಬಹುದು ಅಂದರು. ನಾಲ್ಕು ಬಕೆಟ್ ಮಣ್ಣು ಈಗಲೂ ಶೆಡ್ಡಿನಲ್ಲಿದೆ.

ತುಂಬುವ ಕೆಲಸಕ್ಕೆ ಎರಡು ದಿನ ಹಿಡಿಯಿತು. ಅಂಚಿಗಿಂತ ಮೇಲೆ ಒಂದು ಇಂಚು ಬಂದರೂ ಡ್ರೈವರ್ ಎತ್ತಲ್ಲ. ಆದ್ದರಿಂದ ಬೀರುಗಳನ್ನು ಪೂರ್ತಿ ಬಿಚ್ಚಿ, ಹಲಗೆಗಳನ್ನು ಅಡಿಯಲ್ಲಿ ಮಲಗಿಸಿದೆ. ಸಂದಿಗೆ ಸಣ್ಣಪುಟ್ಟದ್ದು. ಬಸ್ಸಿನ ಡಿಕ್ಕಿಯಲ್ಲಿ ಮದುವೆ ಸಾಮಾನು ಜೋಡಿಸಿದ ಅನುಭವ ಇದ್ದವರಿಗೆ ಇದು ಸುಲಭ.

ಮೊದಲ ರಾತ್ರಿ ಟಾರ್ಪಾಲ್ ಹೊದಿಸಲಿಲ್ಲ, ಅದು ತಪ್ಪಾಯಿತು. ಬೆಳಿಗ್ಗೆ ನೋಡಿದರೆ ಒಂದು ಹಾಸಿಗೆ, ಮುರಿದ ಮಕ್ಕಳ ಗಾಡಿ, ಒಣಗಿದ ಕ್ರಿಸ್‌ಮಸ್ ಮರ. ಮೇ ತಿಂಗಳಲ್ಲಿ ಕ್ರಿಸ್‌ಮಸ್ ಮರ! ಯಾರನ್ನು ಕೇಳುವುದು? ಎದುರಾದವರೆಲ್ಲ "ಎಷ್ಟು ಚೆನ್ನಾಗಿದೆ ಬಿಸಿಲು" ಅಂದರು. ಹಾಸಿಗೆಗೆ ಕಂಪನಿಯವರು ಬೇರೆ ದುಡ್ಡು ಹಾಕಿದರು. ಹಗಲು ಇದರ ಉಲ್ಟಾ. ದಾರಿಹೋಕರು ನಿಂತು, ಕೆಮ್ಮಿ, "ಇದು ನಿಮಗೆ ಬೇಡವಾದರೆ…" ಅನ್ನುತ್ತಾರೆ. ಹೂಕುಂಡ, ಕುರ್ಚಿ, ಕಬ್ಬಿಣದ ಒಂದು ದುಂಡು ತಟ್ಟೆ, ಹೀಗೆ ಹೋದದ್ದೆಲ್ಲ ಹೋಗಲಿ, ನನಗೆ ಜಾಗ ಉಳಿಯಿತು ಅಂತ ಸಂತೋಷದಿಂದಲೇ ಕೊಟ್ಟೆ. ಪ್ರವಾಸಿಗರು ಮಾತ್ರ ನೊಂದುಕೊಂಡರು. ಗುಲಾಬಿ ಬಣ್ಣದ ಮನೆಯ ಫೋಟೊ ತೆಗೆಯಲು ಬಂದವರಿಗೆ ಮಧ್ಯದಲ್ಲಿ ನನ್ನ ಹಳದಿ ತೊಟ್ಟಿ.

ಈಗ ಲೆಕ್ಕ ಹಾಕಿದರೆ, ಅದರಲ್ಲಿ ಅರ್ಧ ಕಸವನ್ನು ಕಾರಿನಲ್ಲೇ ಪಕ್ಕದೂರು ಸಡ್‌ಬರಿಯ ಕೌನ್ಸಿಲ್ ಕಸ ಕೇಂದ್ರಕ್ಕೆ ಒಯ್ಯಬಹುದಿತ್ತು. ಮೊದಲೇ ಸಮಯ ಬುಕ್ ಮಾಡಬೇಕು, ಅಷ್ಟೇ. ಮನೆಯವರೇ ಮಾಡಿದ ಸಣ್ಣ ರಿಪೇರಿಯ ಕಸವನ್ನೂ ಸ್ವಲ್ಪ ಮಟ್ಟಿಗೆ ಬಿಟ್ಟಿಯಾಗಿ ತೆಗೆದುಕೊಳ್ಳುತ್ತಾರೆ. ಒಂದು ಸಲಕ್ಕೆ 50 ಲೀಟರಿನ ಎರಡು ಚೀಲ, ನಾಲ್ಕು ವಾರದಲ್ಲಿ ನಾಲ್ಕು ಸಲ. ಬರೀ ಚೀಲಗಳಿದ್ದರೆ ಸ್ಕಿಪ್ ತರಿಸುವುದು ವ್ಯರ್ಥ. ಬೀರು, ಕಾರ್ಪೆಟ್ ಇದ್ದರೆ ಸ್ಕಿಪ್ಪೇ ಸುಲಭ.

ಲಾರಿ ಎತ್ತಿಕೊಂಡು ಹೋದ ದಿನ ಸಂಜೆ, ಅಮ್ಮನಿಗೆ ವಿಡಿಯೊ ಕಾಲ್‌ನಲ್ಲಿ ತುಂಬಿದ ಸ್ಕಿಪ್ಪಿನ ಫೋಟೊ ಒಂದೊಂದೇ ತೋರಿಸುತ್ತಿದ್ದೆ. ಬಾಗಿಲಿಗೂ ಮಣ್ಣಿಗೂ ಅವರು ಏನೂ ಹೇಳಲಿಲ್ಲ. ಒಂದು ಫೋಟೊ ಹತ್ತಿರ "ನಿಲ್ಲಿಸು, ನಿಲ್ಲಿಸು" ಅಂದರು. ಬೀರುವಿನ ಹಲಗೆ ಮೇಲೆ ಆ ದುಂಡು ಕಬ್ಬಿಣದ ತಟ್ಟೆ ಇತ್ತು.

"ಅದು ದೋಸೆ ಕಾವಲಿ ಅಲ್ಲೇನೋ! ಎಷ್ಟು ದಪ್ಪ ಇದೆ ನೋಡು. ಎಸೆದ್ಯಾ?"

ಎಸೆಯಲಿಲ್ಲ ಅಂದೆ. ಅದು ಬಡಗಿಯ ಮನೆಯಲ್ಲಿದೆ. ಅವರ ಕಿಟಕಿ ಹತ್ತಿರ ಹೋದಾಗಲೆಲ್ಲ ಕಾಣುತ್ತದೆ, ಮೇಲೆ ಹೂಕುಂಡ ಇಟ್ಟಿದ್ದಾರೆ.