ಕ್ಷೌರದಂಗಡಿ, ಚರ್ಚಿನ ಅಡುಗೆಮನೆ: ಲಂಡನ್ನಿನಲ್ಲಿ ದತ್ತು ಕೆಲಸದ ನನ್ನ ಅನುಭವ

ನಮ್ಮ ಮೊದಲ ಮಾಹಿತಿ ಸಭೆಗೆ ಮೂವತ್ತು ಕುರ್ಚಿ ಹಾಕಿಸಿದ್ದೆವು. ಬಂದವರು ನಾಲ್ಕು ಜನ. ಅವರಲ್ಲಿ ಇಬ್ಬರು ನಮ್ಮ ಆಫೀಸಿನವರೇ. ತಂದಿಟ್ಟ ಸಮೋಸ ಎಲ್ಲ ಹಾಗೇ ಉಳಿಯಿತು. ಮರುದಿನ ಆಫೀಸಿನಲ್ಲಿ ಹಂಚಿದೆವು.

ನಾನು ಹಾಸನದವಳು. ಮೈಸೂರಿನಲ್ಲಿ ಎಂ.ಎಸ್.ಡಬ್ಲ್ಯೂ. ಮುಗಿಸಿ, ಕೆಲವು ವರ್ಷ ಅಲ್ಲೇ ಕೆಲಸ ಮಾಡಿ, ಆಮೇಲೆ ಲಂಡನ್ನಿಗೆ ಬಂದೆ. ಇಲ್ಲಿ ಒಂದು ದತ್ತು ಚಾರಿಟಿಯಲ್ಲಿ ಸೋಶಿಯಲ್ ವರ್ಕರ್. ಇಂಗ್ಲೆಂಡಿನಲ್ಲಿ ಈ ಕೆಲಸವನ್ನು ಕೌನ್ಸಿಲ್‌ಗಳು, ಅಂದರೆ ಸ್ಥಳೀಯ ಆಡಳಿತಗಳು, ಸೇರಿ ನಡೆಸುವ ಪ್ರಾದೇಶಿಕ ಏಜೆನ್ಸಿಗಳೂ ಮಾಡುತ್ತವೆ, ನಮ್ಮಂಥ ಚಾರಿಟಿಗಳೂ ಮಾಡುತ್ತವೆ. ಮಗು ಕೌನ್ಸಿಲ್‌ನ ಸುಪರ್ದಿಯಲ್ಲಿ ಇರುತ್ತದೆ. ಅದಕ್ಕೆ ಅಪ್ಪ ಅಮ್ಮ ಆಗುವವರನ್ನು ಹುಡುಕಿ, ವಿಚಾರಿಸಿ, ತಯಾರು ಮಾಡುವುದು ನಮ್ಮ ಪಾಲು. ನನಗೆ ವಹಿಸಿದ್ದು ದಕ್ಷಿಣ ಲಂಡನ್ನಿನ ಆಫ್ರಿಕನ್, ಕೆರಿಬಿಯನ್ ಮೂಲದ ಕುಟುಂಬಗಳನ್ನು. ಕಪ್ಪು ಮಕ್ಕಳು ಇಲ್ಲಿ ಬೇರೆ ಮಕ್ಕಳಿಗಿಂತ ಜಾಸ್ತಿ ದಿನ ಕಾಯುತ್ತಾರೆ. ಗಂಡು ಮಗು ಆದರೆ ಇನ್ನೂ ಜಾಸ್ತಿ. ಜೊತೆಗೆ ಅಣ್ಣನೋ ತಂಗಿಯೋ ಇದ್ದರಂತೂ ಕೇಳಲೇಬೇಡಿ.

ಇದು ನಿನ್ನೆ ಮೊನ್ನೆಯ ಸಮಸ್ಯೆ ಅಲ್ಲ. ಕಪ್ಪು ಕುಟುಂಬಗಳು ಮುಂದೆ ಬರಲಿ ಅಂತ 1975-76ರಲ್ಲೇ ಲಂಡನ್ನಿನಲ್ಲಿ 'ಸೋಲ್ ಕಿಡ್ಸ್' ಎಂಬ ಪ್ರಚಾರ ನಡೆದಿತ್ತು. ಮಗುವಿನ ಧರ್ಮ, ಜನಾಂಗ, ಸಂಸ್ಕೃತಿ, ಭಾಷೆಯನ್ನು ಗಮನದಲ್ಲಿ ಇಡಬೇಕು ಅಂತ 2002ರ ದತ್ತು ಮತ್ತು ಮಕ್ಕಳ ಕಾಯ್ದೆಯಲ್ಲಿ ಒಂದು ಸಾಲಿತ್ತು. ಮಕ್ಕಳು ಕಾಯುವುದು ಕಡಿಮೆಯಾಗಲಿ ಅಂತ 2014ರಲ್ಲಿ ಇಂಗ್ಲೆಂಡಿನಲ್ಲಿ ಅದನ್ನು ತೆಗೆದರು. ವೇಲ್ಸ್‌ನಲ್ಲಿ ಈಗಲೂ ಇದೆ. ಬಿಳಿಯರ ಮನೆಯಲ್ಲಿ ಚೆನ್ನಾಗಿ ಬೆಳೆದ ಕಪ್ಪು ಮಕ್ಕಳು ನನಗೆ ಗೊತ್ತು, ಅದರ ಬಗ್ಗೆ ನನ್ನ ತಕರಾರಿಲ್ಲ. ಆದರೆ ಕಪ್ಪು ಕುಟುಂಬಗಳ ಮನೆಬಾಗಿಲಿಗೆ ಹೋಗಿ ಕೇಳದೆಯೇ 'ಅವರು ಬರಲ್ಲ' ಅಂದುಬಿಡುತ್ತಾರಲ್ಲ, ಅದು ನನಗೆ ಸರಿಬರುವುದಿಲ್ಲ.

ನಮ್ಮ ಕಾಗದಪತ್ರಗಳಲ್ಲೂ ಅವರನ್ನು 'ಕೈಗೆ ಸಿಗದ ಜನ' ಅಂತಲೇ ಬರೆಯುತ್ತಿದ್ದರು. ಶನಿವಾರ ದಕ್ಷಿಣ ಲಂಡನ್ನಿನ ಪೆಕಮ್‌ನ ರೈ ಲೇನ್ ಬೀದಿಗೆ ಹೋಗಿ ನೋಡಿ. ಬಾಳೆಕಾಯಿ, ಯಾಮ್ ಗೆಡ್ಡೆ, ಒಣಮೀನು, ಜಡೆ ಹೆಣೆಯುವ ಸಲೂನು. ಕಾಲಿಡಲು ಜಾಗ ಇರುವುದಿಲ್ಲ. ನಾವು ಸಭೆ ಇಟ್ಟದ್ದು ಮಂಗಳವಾರ ಸಂಜೆ ಆರೂವರೆಗೆ, ಲೈಬ್ರರಿ ಹಾಲ್‌ನಲ್ಲಿ. ಆ ಹೊತ್ತಿಗೆ ನರ್ಸ್ ಕೆಲಸದವರು, ಕೇರ್ ಹೋಮ್ ಕೆಲಸದವರು ಡ್ಯೂಟಿ ಮುಗಿಸಿ ಬಸ್ಸಿನಲ್ಲಿ ಇರುತ್ತಾರೆ, ಇಲ್ಲವೇ ರಾತ್ರಿ ಪಾಳಿಗೆ ಹೊರಟಿರುತ್ತಾರೆ. ಇದು ತಿಳಿಯಲು ಸಂಶೋಧನೆ ಬೇಕಿರಲಿಲ್ಲ.

ಹಾಗಾಗಿ ಒಂದು ಶನಿವಾರ ಕ್ಷೌರದಂಗಡಿಗೆ ಹೋದೆ. ನಮ್ಮೂರ ಕಟಿಂಗ್ ಶಾಪ್‌ಗೆ ಹೆಂಗಸು ಒಬ್ಬಳೇ ನುಗ್ಗಿದರೆ ಹೇಗೋ ಹಾಗೆ ಎಲ್ಲರೂ ತಿರುಗಿ ನೋಡಿದರು. ಅಂಗಡಿಯವರು ಜಮೈಕಾ ಕಡೆಯ ಹಿರಿಯರು. ಎಲ್ಲರೂ ಅವರನ್ನು ಅಂಕಲ್ ಅನ್ನುತ್ತಿದ್ದರು. ನಾನೂ ಅಂಕಲ್ ಅಂದು ಕರಪತ್ರ ಕೊಟ್ಟೆ. ಕನ್ನಡಕ ಮೇಲೇರಿಸಿ ಓದಿದರು.

"ಮಗಳೇ, ನಮ್ಮ ಮಕ್ಕಳನ್ನ ಮನೆಯಿಂದ ಎತ್ಕೊಂಡು ಹೋಗೋರೂ ನೀವೇ, ಆಮೇಲೆ ಬಂದು ಸಾಕ್ತೀರಾ ಅಂತ ಕೇಳೋರೂ ನೀವೇ. ಅಲ್ವಾ?"

ತರಬೇತಿಯಲ್ಲಿ ಇದಕ್ಕೊಂದು ನಯವಾದ ಉತ್ತರ ಕಲಿಸಿದ್ದರು. ಅದು ಬಾಯಿಗೆ ಬರಲಿಲ್ಲ. "ಹೌದು ಅಂಕಲ್" ಅಂದೆ. ಅವರು ಮೂಲೆಯ ಕುರ್ಚಿ ತೋರಿಸಿದರು. ಎರಡು ಗಂಟೆ ಕೂತೆ. ಅವರ ಅಮ್ಮ ಮೊದಲು ಒಬ್ಬರೇ ಇಂಗ್ಲೆಂಡಿಗೆ ಬಂದಿದ್ದರಂತೆ. ಇವರು ಅಜ್ಜಿಯ ಹತ್ತಿರ. ಅಮ್ಮ ದೊಡ್ಡ ಪೀಪಾಯಿಯಲ್ಲಿ ಬಟ್ಟೆ, ಶೂ, ಡಬ್ಬಿ ಹಾಲು ತುಂಬಿ ಹಡಗಿಗೆ ಹಾಕುತ್ತಿದ್ದರು. ಹೀಗೆ ಬೆಳೆದವರಿಗೆ 'ಪೀಪಾಯಿ ಮಕ್ಕಳು' ಅಂತಲೇ ಹೆಸರಿದೆ. "ನನ್ನನ್ನ ಸಾಕಿದ್ದು ಅಜ್ಜಿ, ಪಕ್ಕದ ಮನೆಯವರು. ಅವರು ಯಾವ ಫಾರಂ ತುಂಬಿದ್ರು?"

ನಮ್ಮ ದೊಡ್ಡಪ್ಪನ ಮನೆಯಲ್ಲೂ ಅತ್ತೆಯ ಮಗ ಒಬ್ಬ ಹತ್ತನೇ ಕ್ಲಾಸಿನವರೆಗೆ ಬೆಳೆದ. ಅವನನ್ನು ಯಾರೂ ದತ್ತು ಅನ್ನಲಿಲ್ಲ. 'ನಮ್ಮನೇಲಿ ಇದ್ದ' ಅಂತ ಅಷ್ಟೇ. ಇದನ್ನು ಹೇಳಿದ ಮೇಲೆ ಅಂಕಲ್ ಕರಪತ್ರಗಳ ಕಟ್ಟನ್ನು ಕನ್ನಡಿಯ ಕೆಳಗೆ ಇಟ್ಟುಕೊಂಡರು.

ನೈಜೀರಿಯಾ ಮೂಲದ ಹಿರಿಯರ ಹತ್ತಿರ ಕಥೆ ಬೇರೆ. 'ಫಾಸ್ಟರಿಂಗ್' (ಬೇರೆಯವರ ಮಗುವನ್ನು ದತ್ತು ಪಡೆಯದೆ ಮನೆಯಲ್ಲಿ ಸಾಕುವುದು) ಅಂದರೆ ಕೆಲವರ ಮುಖ ಬಿಗಿಯುತ್ತಿತ್ತು. 1950ರ ದಶಕದಿಂದ ಇಲ್ಲಿಗೆ ಓದಲು ಬಂದ ಪಶ್ಚಿಮ ಆಫ್ರಿಕಾದ ಎಷ್ಟೋ ಅಪ್ಪ ಅಮ್ಮಂದಿರು ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ದುಡ್ಡು ಕೊಟ್ಟು, ಮಕ್ಕಳನ್ನು ದೂರದ ಬಿಳಿಯರ ಮನೆಗಳಲ್ಲಿ ಬಿಡುತ್ತಿದ್ದರು. ಆ ಮಕ್ಕಳೇ ಈಗಿನ ಹಿರಿಯರು. ನಾನು ಮಾತು ಶುರುಮಾಡುವಾಗಲೇ ದತ್ತು ಬೇರೆ, ಫಾಸ್ಟರಿಂಗ್ ಬೇರೆ ಅಂತ ಬಿಡಿಸಿ ಹೇಳುವುದು ರೂಢಿಯಾಯಿತು. ದತ್ತು ಆದೇಶ ಬಂದ ಮೇಲೆ ಮಗು ಕಾನೂನಿನ ಪ್ರಕಾರ ನಿಮ್ಮದೇ.

ಚರ್ಚುಗಳಲ್ಲಿ ಪಾಸ್ಟರ್ ಹತ್ತು ನಿಮಿಷ ಕೊಡುತ್ತಾರೆ. ಮೊದಲೆರಡು ಸಲ ನಾನೇ ಮಾತಾಡಿದೆ, ಚಪ್ಪಾಳೆ ಬಿತ್ತು, ಫೋನ್ ಬರಲಿಲ್ಲ. ಮೂರನೇ ಸಲ ನಮ್ಮಿಂದಲೇ ದತ್ತು ಪಡೆದಿದ್ದ ಘಾನಾ ಮೂಲದ ಒಬ್ಬ ತಾಯಿಯನ್ನು ಕರೆದುಕೊಂಡು ಹೋದೆ. ಒಬ್ಬರೇ ಮಗುವನ್ನು ಬೆಳೆಸುತ್ತಿರುವವರು. ಮಾತು ಮುಗಿಸಿ ಅವರು ಸೀದಾ ಚರ್ಚಿನ ಅಡುಗೆಮನೆಗೆ ಹೋಗಿ ಜಾಲೋಫ್ ಅನ್ನ (ಪಶ್ಚಿಮ ಆಫ್ರಿಕಾದ ಟೊಮೇಟೊ ಅನ್ನ) ಬಡಿಸಲು ನಿಂತರು. ನಾನೂ ಸೌಟು ಹಿಡಿದೆ. ನಿಜವಾದ ಪ್ರಶ್ನೆಗಳು ಬಂದದ್ದು ಆ ಸಾಲಿನಲ್ಲಿ, ತಟ್ಟೆ ಚಾಚಿಕೊಂಡು, ಮೆಲ್ಲಗೆ.

"ಆಂಟೀ, ದುಡ್ಡೆಷ್ಟು ಕಟ್ಟಬೇಕು?" ಏನೂ ಇಲ್ಲ. "ಬಾಡಿಗೆ ಮನೆ?" ನಡೆಯುತ್ತದೆ. "ಮದುವೆ ಆಗಿಲ್ಲ?" ನಡೆಯುತ್ತದೆ. 21 ತುಂಬಿರಬೇಕು, ಮೇಲಿನ ಮಿತಿ ಕಾನೂನಿನಲ್ಲಿ ಇಲ್ಲ. ಬಿ.ಪಿ., ಶುಗರ್ ಇದ್ದರೆ ವೈದ್ಯಕೀಯ ವರದಿ ನೋಡುತ್ತಾರೆ, ಅದೊಂದಕ್ಕೇ ತಳ್ಳಿಹಾಕುವುದಿಲ್ಲ. ವಿಚಾರಣೆಯ ಮೊದಲ ಹಂತ ಎರಡು ತಿಂಗಳು, ಎರಡನೆಯದು ನಾಲ್ಕು ತಿಂಗಳು ಅಂತ ಲೆಕ್ಕ.

ಪಾಸ್‌ಪೋರ್ಟ್ ವಿಷಯ ಬಂದರೆ ದನಿ ಇನ್ನೂ ತಗ್ಗುತ್ತಿತ್ತು. ದಶಕಗಳಿಂದ ಇಲ್ಲೇ ಬಾಳಿದ ಕೆರಿಬಿಯನ್ ಹಿರಿಯರಿಗೆ ಕಾಗದ ತೋರಿಸಿ ಅಂತ ಪೀಡಿಸಿದ ವಿಂಡ್‌ರಶ್ ಹಗರಣ 2018ರಲ್ಲಿ ಬಯಲಾಗಿತ್ತು. ಅದಾದ ಮೇಲೆ ನಮ್ಮ ಫಾರಂನ ಮೊದಲ ಪುಟದಲ್ಲೇ ದಾಖಲೆಗಳ ಪಟ್ಟಿ ಇದ್ದರೆ ಯಾರು ತುಂಬುತ್ತಾರೆ? ಅದನ್ನು ಹಿಂದಕ್ಕೆ ಹಾಕಿಸಲು ನಾನು ಆಫೀಸಿನಲ್ಲಿ ತಿಂಗಳುಗಟ್ಟಲೆ ಜಗಳವಾಡಿದೆ.

ಹೊಡೆಯುವ ವಿಷಯ ಅತಿ ಕಷ್ಟದ್ದು. ಏಟು ತಿಂದೇ ನೆಟ್ಟಗಾದೆವು ಅನ್ನುವವರಿದ್ದರು. ನಾನೂ ಬೆತ್ತದ ರುಚಿ ಕಂಡವಳೇ. ಆದರೆ ಈ ಮಕ್ಕಳು ಆಗಲೇ ಪೆಟ್ಟು ಕಂಡಿರಬಹುದು, ಕೈ ಎತ್ತುವವರನ್ನು ನಾವು ಒಪ್ಪುವುದಿಲ್ಲ ಅಂತ ಮೊದಲೇ ಹೇಳುತ್ತಿದ್ದೆ. ಕೆಲವರು ಅಲ್ಲಿಗೇ ಕೈಬಿಟ್ಟರು. ಸಿಹಿ ಮಾತಾಡಿ ಕರೆತಂದು, ದತ್ತು ಪಡೆಯಲು ಯಾರು ತಕ್ಕವರು ಅಂತ ಶಿಫಾರಸು ಮಾಡುವ ಪ್ಯಾನೆಲ್ ಮುಂದೆ ಬೇಡ ಅನ್ನಿಸುವುದಕ್ಕಿಂತ ಇದೇ ವಾಸಿ.

ಹೊರಗೆ ಇಷ್ಟೆಲ್ಲ ಓಡಾಡಿದರೂ ಒಳಗೆ ಎಡವಿದ್ದೂ ಇದೆ. ಚರ್ಚಿನಲ್ಲಿ ಸಿಕ್ಕ ಒಂದು ದಂಪತಿ ನಮ್ಮ ಆಫೀಸಿಗೆ ಫೋನ್ ಮಾಡಿ ಮೆಸೇಜ್ ಬಿಟ್ಟಿದ್ದರು. ಮೂರು ವಾರ ಯಾರೂ ವಾಪಸ್ ಕರೆಯಲಿಲ್ಲ. ನಾನು ರಜೆಗೆ ಹಾಸನಕ್ಕೆ ಹೋಗಿದ್ದೆ. ಬಂದು ಕರೆದಾಗ ಆಕೆ "ಪರವಾಗಿಲ್ಲ ಸಿಸ್ಟರ್, ಈಗ ಬೇಡ" ಅಂದು ಇಟ್ಟರು. ಅಂದಿನಿಂದ ಎಷ್ಟು ಕರಪತ್ರ ಹಂಚಿದೆವು ಅನ್ನುವ ಲೆಕ್ಕ ಬಿಟ್ಟೆ. ಮೊದಲ ಕರೆ ಮಾಡಿದವರಲ್ಲಿ ಪ್ಯಾನೆಲ್ ತನಕ ಎಷ್ಟು ಜನ ಉಳಿದರು, ಬಿಟ್ಟವರು ಎಲ್ಲಿ ಬಿಟ್ಟರು ಅಂತ ಒಂದು ನೋಟ್‌ಬುಕ್‌ನಲ್ಲಿ ಬರೆಯುತ್ತೇನೆ.

ಅದೇ ರಜೆಯಲ್ಲಿ ಹಾಸನದಲ್ಲಿ ಯಾರೋ ಕೇಳಿದ್ದರು, "ಕರಿಯರ ಮಧ್ಯೆ ಹೆಂಗಿರ್ತೀಯೇ?" ನಮ್ಮಲ್ಲಿ ದತ್ತು ತಂದ ಮನೆಗೆ ಹೋದವರೂ ಮೊದಲು ನೋಡುವುದು ಮಗುವಿನ ಬಣ್ಣವನ್ನೇ. ಸುಮ್ನೆ ಕಾಫಿ ಕುಡಿದು ಎದ್ದೆ. ಅವತ್ತು ಏನಾದರೂ ಹೇಳಬೇಕಿತ್ತು.

ಒಂದು ಪ್ರಸಂಗ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ನಾಲ್ಕು ವರ್ಷದ ಹುಡುಗ. ಅವನ ಬಗ್ಗೆ ಬರೆದದ್ದನ್ನೂ ಫೋಟೊವನ್ನೂ ಒಂದು ದಂಪತಿಗೆ ತೋರಿಸಿದೆ. ಮಾತು ತಡ, ನಿದ್ದೆ ಕಮ್ಮಿ ಅಂತೆಲ್ಲ ನಾನು ವಿವರಿಸಲು ಹೊರಟರೆ ಆಕೆ ಫೋಟೊ ಮೇಲೆ ಬೆರಳಿಟ್ಟು, "ಇವನ ತಲೆ ಯಾರು ನೋಡ್ತಿದಾರೆ?" ಅಂದರು. ಕೂದಲು ಒಣಗಿ, ಹಿಂದೆ ಗಂಟುಗಟ್ಟಿತ್ತು. ಆ ಫೈಲನ್ನು ನಾನು ಎಷ್ಟು ಸಲ ಓದಿದ್ದೆನೋ, ಫೋಟೊದಲ್ಲಿ ಅದು ಕಂಡೇ ಇರಲಿಲ್ಲ. ಕೊಬ್ಬರಿ ಎಣ್ಣೆ ಹಚ್ಚಬಹುದಲ್ವಾ ಅಂದೆ. ಗಂಡ ಹೆಂಡತಿ ಇಬ್ಬರೂ ನಕ್ಕರು.

ಮಗುವೂ ಹೊಸ ಅಪ್ಪ ಅಮ್ಮನೂ ಒಬ್ಬರನ್ನೊಬ್ಬರು ಅರಿಯುವ ಪರಿಚಯದ ವಾರದ ನಾಲ್ಕನೇ ದಿನ ಆಕೆ, ಹುಡುಗ ಆಗ ಇದ್ದ ಫಾಸ್ಟರ್ ಮನೆಗೆ ಶಿಯಾ ಬಟರ್ ಡಬ್ಬಿ, ನೀರಿನ ಸ್ಪ್ರೇ ಬಾಟಲಿ, ಅಗಲ ಹಲ್ಲಿನ ಬಾಚಣಿಗೆ ತಂದರು. ಹುಡುಗನನ್ನು ಕಾಲ ಮಧ್ಯೆ ನೆಲದ ಮೇಲೆ ಕೂರಿಸಿಕೊಂಡರು. ತುದಿಯಿಂದ ಶುರುಮಾಡಿ ಮೇಲಕ್ಕೆ, ಒಂದೊಂದೇ ಎಳೆ ಬಿಡಿಸಿದರು. ಫಾಸ್ಟರ್ ಅಮ್ಮ ಪಕ್ಕದಲ್ಲಿ ಕೂತು ಬರೆದುಕೊಳ್ಳುತ್ತಿದ್ದರು. ಹುಡುಗ ಟಿವಿ ನೋಡುತ್ತಾ ಎರಡು ಸಲ "ಆಯ್" ಅಂದ. ಮುಗಿಯಲು ಒಂದು ಗಂಟೆ ಹಿಡಿಯಿತು.